ಹೆಪಟೈಟಿಸ್ ಸಿ ಚಿಕಿತ್ಸೆ: ಸಕ್ಕರೆ ಮತ್ತು ಕೊಲೆಸ್ಟರಾಲ್ ಮೇಲೆ ಇರಬೇಕಾದ ನಿಗಾ

ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಭಾಗದ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ



ಹೆಪಟೈಟಿಸ್ ಸಿ ರಕ್ತದಿಂದ ರಕ್ತಕ್ಕೆ ಹರಡಿ, ಯಕೃತ್ತಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ನೆಲೆಸುವ ವೈರಾಣು. ಶುದ್ಧೀಕರಿಸದ ಸೂಜಿ, ಹಿಂದೆ ಪರೀಕ್ಷೆಯಿಲ್ಲದೆ ನೀಡಲಾಗುತ್ತಿದ್ದ ರಕ್ತ, ಒಂದೇ ಸೂಜಿಯಿಂದ ಹಲವರಿಗೆ ಹಾಕುವ ಹಚ್ಚೆ, ಬದಲಿಸದ ಕ್ಷೌರದ ಬ್ಲೇಡು ಇದರ ದಾರಿಗಳು. ಜೊತೆಗೆ ಕುಳಿತು ಉಣ್ಣುವುದರಿಂದ ಇದು ಹರಡುವುದಿಲ್ಲ. ಬಹುತೇಕರಲ್ಲಿ ಕಾಮಾಲೆಯೂ ಕಾಣಿಸಿಕೊಳ್ಳದ ಕಾರಣ ರೋಗ ಬಹಳ ಕಾಲ ಪತ್ತೆಯಾಗುವುದಿಲ್ಲ.

ಹಿಂದೆ ತಿಂಗಳುಗಟ್ಟಲೆ ಇಂಟರ್‌ಫೆರಾನ್ ಚುಚ್ಚುಮದ್ದು ಪಡೆಯಬೇಕಾಗಿತ್ತು. ಜ್ವರ, ನಿಶ್ಶಕ್ತಿ, ಥೈರಾಯ್ಡ್ ತೊಂದರೆಗಳಿಂದ ಅನೇಕರು ನಡುವೆಯೇ ಕೈಬಿಡುತ್ತಿದ್ದರು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈಗ ಸೊಫೊಸ್‌ಬುವಿರ್ ಮತ್ತು ಡಕ್ಲಾಟಾಸ್ವಿರ್ ಮಾತ್ರೆಗಳು ಉಚಿತವಾಗಿ ದೊರೆಯುತ್ತವೆ. ಯಕೃತ್ತು ಹೆಚ್ಚು ಹಾಳಾಗದವರಿಗೆ ಸಾಮಾನ್ಯವಾಗಿ 12 ವಾರಗಳ ಚಿಕಿತ್ಸೆ ಸಾಕು. ನೂರರಲ್ಲಿ 90ಕ್ಕೂ ಹೆಚ್ಚು ಜನ ಗುಣಮುಖರಾಗುತ್ತಾರೆ.

ಆದರೆ ವೈರಾಣು ಹೊರಟುಹೋದಾಗ ದೇಹದ ಲೆಕ್ಕಾಚಾರವೇ ಬದಲಾಗುತ್ತದೆಂಬುದನ್ನು ಊರಿನವರಿಗೆ ಯಾರೂ ಹೇಳಿರುವುದಿಲ್ಲ. ಈ ವೈರಾಣು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಆದ್ದರಿಂದಲೇ ಈ ಸೋಂಕಿರುವವರಲ್ಲಿ ಮಧುಮೇಹ ಹೆಚ್ಚು. ಚಿಕಿತ್ಸೆಯಿಂದ ವೈರಾಣು ಇಳಿದಂತೆ ಇನ್ಸುಲಿನ್ ಮತ್ತೆ ಚೆನ್ನಾಗಿ ಕೆಲಸ ಮಾಡತೊಡಗುತ್ತದೆ. ಇದು ಒಳ್ಳೆಯ ಸುದ್ದಿಯೇ. ಆದರೆ ಸಕ್ಕರೆ ಕಾಯಿಲೆಗೆ ಮೊದಲಿನ ಪ್ರಮಾಣದಲ್ಲೇ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಮುಂದುವರಿದರೆ ರಕ್ತದ ಸಕ್ಕರೆ ಅತಿಯಾಗಿ ಕುಸಿಯಬಹುದು. ಮೊದಲ ಮೂರು ತಿಂಗಳು ವಿಶೇಷ ಎಚ್ಚರ ಬೇಕು. ಬೆಳಿಗ್ಗೆ ಮಾತ್ರೆ ನುಂಗಿ, ಏನೂ ತಿನ್ನದೆ ತೆಂಗಿನ ತೋಟಕ್ಕೆ ಹೋದ ರೈತನಿಗೆ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಅದನ್ನು ಬಿಸಿಲಿನ ಸುಸ್ತೆಂದು ತಳ್ಳಿಹಾಕಬಾರದು. ಪ್ರಜ್ಞೆಯಿದ್ದರೆ ಕೂಡಲೇ ಸಕ್ಕರೆ ಅಥವಾ ಬೆಲ್ಲದ ನೀರು ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108 ವಾಹನ ಕರೆಸಬೇಕು. ಮಾತ್ರೆಯ ಪ್ರಮಾಣ ಇಳಿಸುವುದು ವೈದ್ಯರ ಕೆಲಸ. ರೋಗಿ ತಾನಾಗಿ ನಿಲ್ಲಿಸುವುದೂ ಅಪಾಯವೇ.

ಕೊಲೆಸ್ಟರಾಲ್ ವಿಷಯ ಇದಕ್ಕೆ ತಿರುಗುಮುರುಗು. ಯಕೃತ್ತಿನಿಂದ ಹೊರಬರಲು ವೈರಾಣು ಕೊಬ್ಬಿನ ಕಣಗಳನ್ನೇ ವಾಹನವಾಗಿ ಬಳಸುತ್ತದೆ. ಹೀಗಾಗಿ ಸೋಂಕಿರುವಾಗ ರಕ್ತದ ಕೊಲೆಸ್ಟರಾಲ್ ಕಡಿಮೆಯೆಂದೇ ಕಾಣುತ್ತದೆ. ಗುಣವಾದ ಮೇಲೆ ಕೆಟ್ಟ ಕೊಲೆಸ್ಟರಾಲ್, ಅಂದರೆ ಎಲ್‌ಡಿಎಲ್, ಏರುತ್ತದೆ. ಕೆಲವರ ತೂಕವೂ ಹೆಚ್ಚುತ್ತದೆ. ವರದಿ ನೋಡಿ, ಮಾತ್ರೆಯೇ ರಕ್ತ ಕೆಡಿಸಿತೆಂದು ಭಾವಿಸುವವರುಂಟು. ಅದು ಸರಿಯಲ್ಲ, ವೈರಾಣು ಮರೆಮಾಡಿದ್ದ ಸ್ಥಿತಿ ಬಯಲಿಗೆ ಬಂದಿದೆ, ಅಷ್ಟೆ. ಆದರೂ ಹೃದಯದ ದೃಷ್ಟಿಯಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅರಸೀಕೆರೆಯಂಥ ತೆಂಗಿನ ಸೀಮೆಯಲ್ಲಿ ಅಡುಗೆಗೆ ಕಾಯಿ ಬೇಡವೆಂದರೆ ಕೇಳುವವರಾರು? ಕೊಬ್ಬರಿ, ಕರಿದ ತಿಂಡಿಯಲ್ಲಿ ಮಿತಿಯಿರಲಿ ಎಂದರೆ ಕೇಳಿಯಾರು. ಮದ್ಯಕ್ಕೆ ಮಾತ್ರ ಮಿತಿಯ ಮಾತೇ ಇಲ್ಲ, ಅದನ್ನು ಬಿಡಲೇಬೇಕು.

ಬೇರೆ ಯಾವ ಮಾತ್ರೆ ಸೇವಿಸುತ್ತಿದ್ದರೂ ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತೋರಿಸಬೇಕು. ಕೊಲೆಸ್ಟರಾಲ್ ಮಾತ್ರೆಗಳ ಪ್ರಮಾಣ ಬದಲಾಗಬೇಕಾಗಬಹುದು. ಅಮಿಯೋಡರೋನ್ ಸೇವಿಸುವವರಲ್ಲಿ ಸೊಫೊಸ್‌ಬುವಿರ್‌ನಿಂದ ಹೃದಯದ ಬಡಿತ ಅಪಾಯಕಾರಿಯಾಗಿ ನಿಧಾನವಾಗಬಹುದು.

ಪಂಚಾಯಿತಿಯ ಪಾತ್ರ ಇಲ್ಲಿ ಚಿಕ್ಕದೇನಲ್ಲ. ಚಿಕಿತ್ಸೆಗೆ ಹಾಸನದವರೆಗೆ ಹೋಗಿಬರುವವರಿಗೆ ಪ್ರತಿ ವಾರದ ಸಕ್ಕರೆ ಪರೀಕ್ಷೆಗೂ ಅಷ್ಟು ದೂರ ಹೋಗೆನ್ನುವುದು ನ್ಯಾಯವಲ್ಲ; ಒಂದು ದಿನದ ಕೂಲಿ ಹೋಗುತ್ತದೆ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಬಳಿ ಗ್ಲುಕೋಮೀಟರ್ ಮತ್ತು ಅದರ ಪಟ್ಟಿಗಳು ಇವೆಯೇ ಎಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಸಭೆಯಲ್ಲಿ ಸದಸ್ಯರು ವಿಚಾರಿಸಬೇಕು. ಇಲ್ಲದಿದ್ದಲ್ಲಿ ಬೇಡಿಕೆಯನ್ನು ನಡಾವಳಿಯಲ್ಲಿ ದಾಖಲಿಸಬೇಕು. ರೋಗಿಯ ಹೆಸರು ಮಾತ್ರ ಸಭೆಯಲ್ಲಾಗಲಿ ನಡಾವಳಿಯಲ್ಲಾಗಲಿ ಬರಕೂಡದು.

ಮಾತ್ರೆ ಮುಗಿದು 12 ವಾರಗಳ ನಂತರ ವೈರಾಣು ಹೋಗಿದೆಯೇ ಎಂದು ತಿಳಿಯುವ ರಕ್ತಪರೀಕ್ಷೆ ಇರುತ್ತದೆ. ಮೈ ಹಗುರವಾದೊಡನೆ ಅನೇಕರು ಇದನ್ನು ಮರೆಯುತ್ತಾರೆ. ಅದೇ ದಿನ ಸಕ್ಕರೆ ಮತ್ತು ಕೊಲೆಸ್ಟರಾಲ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳುವಂತೆ ಆಶಾ ಕಾರ್ಯಕರ್ತೆಯರ ಮೂಲಕ ಮುಂಚಿತವಾಗಿ ನೆನಪಿಸಬೇಕು. ಮಾಹಿತಿಗೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು.