ಒಂಟೆಯಿಲ್ಲದ ಮರುಭೂಮಿ, ಮಲೆನಾಡಿನ ವಿಶ್ವಮಾನವ



1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದರು. ಮಲೆನಾಡಿನ ಕುಪ್ಪಳಿಯಿಂದ ಓದಲೆಂದು ಇಲ್ಲಿಗೆ ಬಂದಿದ್ದ ಹತ್ತೊಂಬತ್ತರ ತರುಣನೊಬ್ಬ ತನ್ನ ಇಂಗ್ಲಿಷ್ ಕವನಗಳನ್ನು ಅವರ ಮುಂದಿಟ್ಟ. ಅಷ್ಟರಲ್ಲಾಗಲೇ, 1922ರಲ್ಲಿ, 'ಬಿಗಿನರ್ಸ್ ಮ್ಯೂಸ್' ಎಂಬ ಅವನ ಇಂಗ್ಲಿಷ್ ಕವನಗಳ ಕಿರುಹೊತ್ತಗೆ ಅಚ್ಚಾಗಿತ್ತು. ಕವನಗಳನ್ನು ನೋಡಿದ ಕಸಿನ್ಸ್, ನಿನ್ನ ಮಾತೃಭಾಷೆಯಲ್ಲಿ ಏನನ್ನಾದರೂ ಬರೆದಿದ್ದೀಯಾ ಎಂದು ವಿಚಾರಿಸಿದರು. ಹೊಸ ಭಾವಗಳನ್ನು ಹೊರುವ ಶಕ್ತಿ ಕನ್ನಡಕ್ಕಿಲ್ಲ ಎಂಬುದು ತರುಣನ ಅಳುಕು. ಆ ಶಕ್ತಿಯನ್ನು ಭಾಷೆಗೆ ತಂದುಕೊಡಬೇಕಾದವನು ಕವಿಯೇ ಎಂಬ ಅರ್ಥದ ಉತ್ತರ ಬಂತು. ಆ ತರುಣನೇ ಮುಂದೆ ಕುವೆಂಪು ಆದರು.

ಈ ಪ್ರಸಂಗ ಕನ್ನಡಿಗರಿಗೆ ಹೊಸದಲ್ಲ. ರಾಜ್ಯೋತ್ಸವದ ವೇದಿಕೆಗಳಲ್ಲಿ ಮಾತೃಭಾಷೆಯ ಗೆಲುವಿನ ಕಥೆಯಾಗಿ ಇದು ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಅದರೊಳಗಿನ ಎರಡು ಸಂಗತಿಗಳನ್ನು ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಒಂದು, ನಿನ್ನ ಭಾಷೆಗೆ ಮರಳು ಎಂದು ಬುದ್ಧಿ ಹೇಳಿದವರು ಪರದೇಶದವರು. ಎರಡು, ಹಾಗೆ ಹೇಳಿದ ಕಸಿನ್ಸ್ ಸ್ವತಃ ಕಾವ್ಯ ಬರೆದದ್ದು ಐರಿಷ್ ಭಾಷೆಯಲ್ಲಲ್ಲ, ಇಂಗ್ಲಿಷಿನಲ್ಲಿ. ಹಾಗಾದರೆ ನಮ್ಮತನ ಎಂಬುದು ಹುಟ್ಟುವುದು ಎಲ್ಲಿ? ಮನೆಯೊಳಗೋ, ಹೊರಗಿನ ಗಾಳಿ ತಾಗಿದಾಗಲೋ?

ಇದೇ ಪ್ರಶ್ನೆ ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ, ಸ್ಪ್ಯಾನಿಷ್ ಭಾಷೆಯ ಅರ್ಜೆಂಟೀನಾದಲ್ಲೂ ಎದ್ದಿತ್ತು. ನಿಜವಾದ ಅರ್ಜೆಂಟೀನಾ ಸಾಹಿತ್ಯವೆಂದರೆ ಹುಲ್ಲುಗಾವಲಿನ ಕುದುರೆ ಸವಾರರಾದ ಗೌಚೊಗಳ ಕಥೆ, ಅವರ ಆಡುಮಾತು, ಅವರ ಹಾಡು ಎಂದು ಅಲ್ಲಿನ ಅನೇಕ ಸಾಹಿತಿಗಳು ವಾದಿಸುತ್ತಿದ್ದರು. ಪೆರೋನ್ ಆಡಳಿತದ ರಾಷ್ಟ್ರೀಯತೆ ಏರುದನಿಯಲ್ಲಿದ್ದ ಕಾಲವದು. 1951ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ನೀಡಿದ ಒಂದು ಉಪನ್ಯಾಸದಲ್ಲಿ ಕಥೆಗಾರ ಹೋರ್ಹೆ ಲೂಯಿಸ್ ಬೋರ್ಹೆಸ್ ಇದಕ್ಕೆ ಉತ್ತರ ಕೊಟ್ಟರು. ಕುರಾನಿನಲ್ಲಿ ಒಂಟೆಯ ಮಾತೇ ಬರುವುದಿಲ್ಲ, ಅದು ಅಪ್ಪಟ ಅರಬ್ಬೀ ಗ್ರಂಥ ಎನ್ನಲು ಇಷ್ಟೇ ಸಾಕು ಎಂಬುದು ಅವರ ಪ್ರಸಿದ್ಧ ವಾದ. ಸ್ಥಳೀಯನಿಗೆ ಒಂಟೆ ವಿಶೇಷವಲ್ಲ. ಸಾಲುಸಾಲಾಗಿ ಒಂಟೆಗಳನ್ನು ತಂದು ನಿಲ್ಲಿಸುವವನು ಪ್ರವಾಸಿ.

ವಾಸ್ತವವಾಗಿ ಬೋರ್ಹೆಸ್ ಇಲ್ಲಿ ಎಡವಿದ್ದರು. ಕುರಾನಿನಲ್ಲಿ ಒಂಟೆಯ ಪ್ರಸ್ತಾಪ ಇದೆ. ಆದರೂ ಅವರ ಮಾತಿನ ತಿರುಳು ಕೆಡುವುದಿಲ್ಲ. ಅವರೇ ಕೊಟ್ಟ ಇನ್ನೊಂದು ಉದಾಹರಣೆ ಇನ್ನೂ ಸ್ವಾರಸ್ಯಕರ. ಊರಿನ ಬಣ್ಣ ಬರಲೆಂದು ಪ್ರಯತ್ನಪಟ್ಟು ಅವರು ಬರೆದ ಪುಸ್ತಕಗಳಲ್ಲಿ ಊರು ಮೂಡಲೇ ಇಲ್ಲ. ಬೀದಿಗಳಿಗೆ ಫ್ರೆಂಚ್ ಹೆಸರಿಟ್ಟು ಬರೆದ 'ಸಾವು ಮತ್ತು ದಿಕ್ಸೂಚಿ' ಎಂಬ ಕಥೆ ಓದಿದ ಗೆಳೆಯರು ಮಾತ್ರ, ಕೊನೆಗೂ ಬ್ಯೂನಸ್ ಐರಿಸ್ ಹೊರವಲಯದ ಸೊಗಡು ಸಿಕ್ಕಿತು ಎಂದರಂತೆ. ಇಡೀ ಪಾಶ್ಚಾತ್ಯ ಪರಂಪರೆಯೇ ತಮ್ಮ ಆಸ್ತಿ ಎಂದು ಸಾರಿದ ಬೋರ್ಹೆಸ್ ಅದಕ್ಕೆ ಕೊಟ್ಟ ನಿದರ್ಶನಗಳಲ್ಲಿ ಐರ್ಲೆಂಡಿನವರೂ ಇದ್ದರು. ಇಂಗ್ಲಿಷ್ ಸಂಸ್ಕೃತಿಯ ಒಳಗಿದ್ದೂ ಅದಕ್ಕೆ ಅಡಿಯಾಳಾಗದೆ ಇದ್ದುದರಿಂದಲೇ ಐರಿಷ್ ಲೇಖಕರು ಹೊಸದನ್ನು ಮಾಡಿದರು ಎಂಬುದು ಅವರ ಅಭಿಪ್ರಾಯ. ಮೈಸೂರಿನ ತರುಣನಿಗೆ ದಾರಿ ತೋರಿದವರೂ ಐರಿಷ್ ಕವಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಆದರೆ ಎರಡೂ ಕಡೆಯ ಕಷ್ಟ ಒಂದೇ ಎನ್ನುವಂತಿಲ್ಲ. ಸ್ಪ್ಯಾನಿಷ್ ಸುಮಾರು ಇಪ್ಪತ್ತು ದೇಶಗಳ ಭಾಷೆ. ಅಮೆರಿಕ ಖಂಡಕ್ಕೆ ಅದು ಹೋದದ್ದು ದಂಡಯಾತ್ರೆಯ ಜೊತೆಗೆ. ಅರ್ಜೆಂಟೀನಾದವನ ಭಾಷೆಯೂ ಮೆಕ್ಸಿಕೊದವನ ಭಾಷೆಯೂ ಒಂದೇ ಆದ್ದರಿಂದ, ತಾನು ಯಾವ ದೇಶದವನು ಎಂಬುದನ್ನು ಆತನಿಗೆ ಭಾಷೆ ಹೇಳಿಕೊಡದು. ಕನ್ನಡದ ಲೇಖಕನ ಪಾಡು ತಿರುವುಮುರುವು. ಇಲ್ಲಿ ಭಾಷೆಯೇ ನಾಡಿನ ಗಡಿ. 1956ರ ಏಕೀಕರಣ ನಡೆದದ್ದೇ ಆ ಆಧಾರದ ಮೇಲೆ. ಆದರೆ ದೇಶ ಹಲವು ಭಾಷೆಗಳದ್ದು. ನಾಡು, ದೇಶ, ವಿಶ್ವ ಎಂಬ ಮೂರು ಮೆಟ್ಟಿಲುಗಳನ್ನು ಅವನು ಒಟ್ಟಿಗೇ ಹತ್ತಬೇಕು. 2004ರಲ್ಲಿ ನಾಡಗೀತೆಯಾದ ಕವನದಲ್ಲಿ ಕರ್ನಾಟಕವನ್ನು ಭಾರತಮಾತೆಯ ಮಗಳೆಂದು ಕರೆದ ಕುವೆಂಪು ಅವರೇ 'ವಿಶ್ವಮಾನವ' ತತ್ತ್ವವನ್ನೂ ಸಾರಿದ್ದರಲ್ಲಿ ವಿರೋಧಾಭಾಸವಿಲ್ಲ.

ಕಾದಂಬರಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1967ರಲ್ಲಿ ಎರಡು ದೊಡ್ಡ ಕಾದಂಬರಿಗಳು ಹೊರಬಂದವು. ಒಂದು, ಗೇಬ್ರಿಯಲ್ ಗಾರ್ಸಿಯ ಮಾರ್ಕ್ವೆಸ್ ಅವರ 'ಒಂದು ನೂರು ವರ್ಷಗಳ ಏಕಾಂತ'. ಮತ್ತೊಂದು, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಕೊಲಂಬಿಯಾದ ಮಾರ್ಕ್ವೆಸ್ ತಮ್ಮ ಹುಟ್ಟೂರಿನ ನೆನಪಿನಿಂದ ಕಟ್ಟಿದ ಮಕೊಂಡೊ ಎಂಬ ಊರಿನ ಕಥೆಯನ್ನು ಬರೆದದ್ದು ಮೆಕ್ಸಿಕೊ ನಗರದಲ್ಲಿ. ಅದು ಅಚ್ಚಾದದ್ದು ಬ್ಯೂನಸ್ ಐರಿಸ್‌ನಲ್ಲಿ. ಕುವೆಂಪು ಅವರ ಕಾದಂಬರಿ ತೀರ್ಥಹಳ್ಳಿ ಸುತ್ತಲಿನ ಕಾಡು ಬಿಟ್ಟು ಆಚೆಗೆ ಹೋಗುವುದು ಅಪರೂಪ. ಆದರೆ ಅಲ್ಲಿ ಜೀತದಾಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ಒಡೆಯರಷ್ಟೇ ಜಾಗವುಂಟು. ಮಲೆನಾಡಿನ ಸೊಬಗನ್ನು ಮೆಚ್ಚಿದ ಕಣ್ಣೇ ಅಲ್ಲಿನ ಜಾತಿಯ ಕ್ರೌರ್ಯವನ್ನೂ ಕಂಡಿದೆ. ವಿವೇಕಾನಂದರನ್ನೂ ಟಾಲ್‌ಸ್ಟಾಯ್‌ರನ್ನೂ ಓದಿದ ಕಣ್ಣು ಅದು.

ಯು. ಆರ್. ಅನಂತಮೂರ್ತಿ ಅವರ 'ಸಂಸ್ಕಾರ' ಇನ್ನೊಂದು ದೃಷ್ಟಾಂತ. ಅಗ್ರಹಾರವೊಂದರ ಒಳಗನ್ನು ಕಾಣಿಸುವ ಈ ಕೃತಿ 1965ರಲ್ಲಿ ಪ್ರಕಟವಾಯಿತು. ಆದರೆ ಅದು ರೂಪುಗೊಂಡದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸ್ವೀಡನ್ನಿನ ಬರ್ಗ್‌ಮನ್ ಅವರ ಚಲನಚಿತ್ರವೊಂದನ್ನು ನೋಡಿದ ಪ್ರೇರಣೆಯಿಂದ. ಮುಂದೆ ಅದನ್ನು ಇಂಗ್ಲಿಷಿಗೆ ತಂದವರು ಮೈಸೂರಿನಲ್ಲಿ ಹುಟ್ಟಿ ಷಿಕಾಗೊದಲ್ಲಿ ಪಾಠ ಹೇಳುತ್ತಿದ್ದ ಎ. ಕೆ. ರಾಮಾನುಜನ್. ದೂರ ನಿಂತಾಗ ಮಾತ್ರ ಕಾಣುವ ಮನೆಯ ಮೂಲೆಗಳು ಕೆಲವು ಇರುತ್ತವೆ. ಹಾಗೆ ಕಂಡದ್ದನ್ನು ಹೇಳಿದಾಗ ಮನೆಯವರಿಗೆ ಸಿಟ್ಟು ಬರುವುದೂ ಸಹಜ. 'ಸಂಸ್ಕಾರ'ಕ್ಕೆ ಬಂದ ವಿರೋಧ ಅದಕ್ಕೆ ಸಾಕ್ಷಿ.

ಅಷ್ಟೇಕೆ, ಕನ್ನಡದೊಳಗೂ ಹಲವು ಕನ್ನಡಗಳಿವೆ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ನಂಜನಗೂಡು ಸೀಮೆಯ ಆಡುನುಡಿಯಲ್ಲಿದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯನ್ನು ಓದಲು ಅಷ್ಟು ಹತ್ತಿರದ ಮೈಸೂರಿನ ಓದುಗನೂ ತಡಕಾಡಿದ್ದುಂಟು. ನೆರೆಯ ತಾಲ್ಲೂಕೇ ಪರದೇಶದಂತೆ ತೋರಿದರೆ ತಪ್ಪು ಭಾಷೆಯದೋ, ಓದುಗ ಬೆಳೆದ ಬೀದಿಯದೋ?

ಇವು ಕೇವಲ ಸಾಹಿತ್ಯದ ತರಗತಿಯಲ್ಲಿ ಚರ್ಚಿಸಿ ಬಿಡುವ ಸಂಗತಿಗಳಲ್ಲ ಎಂಬುದನ್ನು 2025ನೇ ಇಸವಿ ತೋರಿಸಿತು. ಆ ವರ್ಷದ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಕಿ ದೀಪಾ ಭಾಸ್ತಿ. ಕನ್ನಡಕ್ಕೆ ಈ ಗೌರವ ದೊರೆತದ್ದು ಅದೇ ಮೊದಲು. ಕರಾವಳಿ, ಮಲೆನಾಡು, ಬಯಲುಸೀಮೆ ಎನ್ನದೆ ಎಲ್ಲರೂ ನಮ್ಮ ಲೇಖಕಿ ಎಂದು ಹೆಮ್ಮೆಪಟ್ಟರು. ನಾಲ್ಕೇ ತಿಂಗಳಲ್ಲಿ, ಅವರು ಮೈಸೂರು ದಸರಾ ಉದ್ಘಾಟಿಸಲಿದ್ದಾರೆ ಎಂದಾಗ, ಅವರು ಉದ್ಘಾಟಿಸಬಹುದೇ ಎಂಬ ವಾದವೆದ್ದು ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಕ್ಷೇಪದ ಅರ್ಜಿಯನ್ನು ನ್ಯಾಯಾಲಯ ವಜಾ ಮಾಡಿತು. ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಅವರೇ ದಸರಾ ಉದ್ಘಾಟಿಸಿದರು. ಲಂಡನ್ನಿನ ವೇದಿಕೆಯಲ್ಲಿ ಕನ್ನಡದವರೆನಿಸಿಕೊಂಡ ಲೇಖಕಿ, ತಮ್ಮ ನಾಡಿನ ಬೆಟ್ಟ ಹತ್ತುವಾಗ ಅದನ್ನೇ ರುಜುವಾತು ಮಾಡಬೇಕಾಗಿ ಬಂತು.

ಬೋರ್ಹೆಸ್ ಎದುರಿಸಿದ್ದೂ ಇಂಥದ್ದನ್ನೇ. ನಮ್ಮದು ಯಾವುದು ಎಂಬ ಪಟ್ಟಿಯನ್ನು ಮೊದಲೇ ಬರೆದಿಟ್ಟು, ಅದರಂತೆ ಬರಹವನ್ನೂ ಬರಹಗಾರರನ್ನೂ ಅಳೆಯುವುದು. ಆದರೆ ಅಂಥ ಪಟ್ಟಿಯಿಂದ ಕನ್ನಡ ಬೆಳೆದಿಲ್ಲ. ಪಂಪ ಸಂಸ್ಕೃತದ ಭಾರತವನ್ನು ಬನವಾಸಿಯ ಮಣ್ಣಿಗೆ ತಂದ. ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಗೀತಗಳಿಂದ ಕನ್ನಡ ಕಾವ್ಯಕ್ಕೆ ಹೊಸ ಹಾದಿ ತೆರೆದರು. ಕೊಂಡು ತಂದದ್ದೇ ಕಾಲ ಕಳೆದಂತೆ ಮನೆಯ ಒಡವೆಯಾಯಿತು.

1924ರ ಆ ದಿನ ತರುಣ ಕುವೆಂಪು ಮೈಸೂರಿನಲ್ಲಿ ಪಡೆದದ್ದು ಹೊರಗಿನವರೊಬ್ಬರ ಒಂದು ಬುದ್ಧಿಮಾತನ್ನು. ಇವರು ನಮ್ಮವರಲ್ಲ, ಇವರ ಮಾತೇಕೆ ಎಂದು ಅವರು ಅಂದುಕೊಂಡಿದ್ದರೆ ಗುತ್ತಿಯೂ ಹುಲಿಯನೂ ನಮಗೆ ಸಿಗುತ್ತಿರಲಿಲ್ಲ.