ಉಪ್ಪು ಕಡಿಮೆಯಿದ್ದ ನಾಡಿನ ಬುತ್ತಿ

ಐಸ್‌ಲ್ಯಾಂಡಿನ ಎರಡು ಹಳೆಯ ತಿನಿಸುಗಳು ಇಂದು ಹೆಚ್ಚು ಪ್ರೋಟೀನ್ ಇರುವ ತಿಂಡಿಗಳೆಂದು ಹೆಸರಾಗಿವೆ. ಒಂದು ಹಾಲಿನಿಂದ ಮಾಡುವ ಸ್ಕೀರ್, ಇನ್ನೊಂದು ಹಾರ್ದ್‌ಫಿಸ್ಕುರ್ ಎಂಬ ಒಣಮೀನು. ಎರಡನ್ನೂ ಸಾವಿರ ವರ್ಷ ಉಳಿಸಿದ್ದು ಆ ನಾಡಿನ ಕೊರತೆಯೇ.

ಒಂಬತ್ತನೆಯ ಶತಮಾನದ ಕೊನೆಯಲ್ಲಿ ನಾರ್ವೆಯ ಜನ ಕಡಲು ದಾಟಿ ಬಂದು ಈ ದ್ವೀಪದಲ್ಲಿ ನೆಲೆಸಿದರು. ಇಲ್ಲಿ ಬೇಸಿಗೆ ಚಿಕ್ಕದು, ಧಾನ್ಯ ಬೆಳೆಯುವುದು ಕಷ್ಟ. ಉಪ್ಪಿಗೂ ಬರ: ಕಡಲ ನೀರನ್ನು ಇಂಗಿಸುವಷ್ಟು ಬಿಸಿಲಿಲ್ಲ, ಕಾಯಿಸಲು ಸಾಕಷ್ಟು ಸೌದೆಯಿಲ್ಲ. ಹೀಗಾಗಿ ಆಹಾರ ಕೆಡದಂತೆ ಕಾಯುವ ಕೆಲಸ ಹುಳಿಯ ಮತ್ತು ಗಾಳಿಯ ಪಾಲಿಗೆ ಬಂತು.

ಹಾಲಿನ ಕೆನೆ ಬೆಣ್ಣೆಗೆ ಹೋಗುತ್ತಿತ್ತು. ಉಳಿದ ಹಾಲನ್ನು ಕಾಯಿಸಿ ಆರಿಸಿ, ಹಿಂದಿನ ಸ್ಕೀರನ್ನೇ ಹೆಪ್ಪು ಹಾಕಿ, ಕರುವಿನ ಜಠರದಿಂದ ತೆಗೆದ ರೆನೆಟ್ಟನ್ನೂ ಬೆರೆಸುತ್ತಿದ್ದರು. ಗಟ್ಟಿಯಾದ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಬಸಿದರೆ ಸ್ಕೀರ್ ಸಿದ್ಧ. ಅದರ 100 ಗ್ರಾಂನಲ್ಲಿ ಸುಮಾರು 11 ಗ್ರಾಂ ಪ್ರೋಟೀನ್ ಇರುತ್ತದೆ, ಕೊಬ್ಬು ಅತ್ಯಲ್ಪ. ಬಸಿದ ಹುಳಿನೀರನ್ನೂ ಚೆಲ್ಲುತ್ತಿರಲಿಲ್ಲ. ನೀರು ಬೆರೆಸಿ ಕುಡಿಯುತ್ತಿದ್ದರು, ಮಾಂಸವನ್ನು ಅದರಲ್ಲಿ ಮುಳುಗಿಸಿ ಚಳಿಗಾಲಕ್ಕೆ ಕೂಡಿಡುತ್ತಿದ್ದರು. 13ನೆಯ ಶತಮಾನದ ಎಗಿಲ್ ಸಾಗಾ ಎಂಬ ಕಥನದಲ್ಲಿ ಅತಿಥಿಗಳ ಮುಂದೆ ಸ್ಕೀರ್ ತುಂಬಿದ ದೊಡ್ಡ ಪಾತ್ರೆಗಳನ್ನು ತಂದಿಡುವ ಪ್ರಸಂಗವಿದೆ.

ಹಾರ್ದ್‌ಫಿಸ್ಕುರ್ ಮಾಡಲು ಕಾಡ್, ಹ್ಯಾಡಕ್ ಮೀನುಗಳನ್ನು ಸೀಳಿ, ಗಾಳಿಯಾಡುವ ಮರದ ಚಪ್ಪರಗಳಲ್ಲಿ ವಾರಗಟ್ಟಲೆ ನೇತುಹಾಕುತ್ತಿದ್ದರು. ಹಸಿ ಕಾಡ್ ಮೀನಿನ ತೂಕದಲ್ಲಿ ಶೇಕಡ 80ರಷ್ಟು ನೀರು. ಅದು ಆರಿದ ಮೇಲೆ ಉಳಿಯುವುದರಲ್ಲಿ ಶೇಕಡ 80ರಷ್ಟು ಪ್ರೋಟೀನ್. ಮರದಂತೆ ಬಿರುಸಾದ ಮೀನನ್ನು ಕಲ್ಲಿನ ಸುತ್ತಿಗೆಯಿಂದ ಬಡಿದು ಮೆದುಮಾಡಿ, ಎಳೆ ಎಳೆಯಾಗಿ ಹರಿದು, ಬೆಣ್ಣೆ ಸವರಿ ತಿನ್ನುತ್ತಿದ್ದರು. ರೊಟ್ಟಿ ಅಪರೂಪವಾಗಿದ್ದ ಮನೆಗಳಲ್ಲಿ ರೊಟ್ಟಿಯ ಜಾಗ ಇದರದು.

14ನೆಯ ಶತಮಾನದಿಂದ ಒಣಮೀನು ದೇಶದ ಮುಖ್ಯ ರಫ್ತಾಯಿತು. ವಸ್ತುಗಳ ಬೆಲೆಯನ್ನೂ ಮೀನಿನ ಲೆಕ್ಕದಲ್ಲೇ ಹೇಳುತ್ತಿದ್ದರು. 1602ರಿಂದ 1787ರವರೆಗೆ ವ್ಯಾಪಾರವೆಲ್ಲ ಡೆನ್ಮಾರ್ಕಿನ ಏಕಸ್ವಾಮ್ಯದಲ್ಲಿತ್ತು. 1903ರವರೆಗೆ ದ್ವೀಪದ ಲಾಂಛನದಲ್ಲಿ ಇದ್ದದ್ದು ಕಿರೀಟ ತೊಟ್ಟ ಒಣಮೀನು.

ಯಂತ್ರದೋಣಿಗಳು ಬಂದ ಮೇಲೆ ಕಡಲೇ ಬರಿದಾಗುವ ಭಯ ಹುಟ್ಟಿತು. 1975ರಲ್ಲಿ ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆಯ ಎಲ್ಲೆಯನ್ನು 200 ನಾಟಿಕಲ್ ಮೈಲಿಗೆ ವಿಸ್ತರಿಸಿತು. 1984ರಲ್ಲಿ ಕಾಡ್ ಹಿಡಿಯುವ ದೋಣಿಗಳಿಗೆ ಕೋಟಾ ಬಂತು. ಈ ನಡುವೆ ಮೀನು ಒಣಗಿಸುವ ಕೆಲಸಕ್ಕೆ ಭೂಗರ್ಭದ ಬಿಸಿನೀರಿನ ಶಾಖವೂ ನೆರವಾಯಿತು. ಹಾಗೆ ಒಣಗಿಸಿದ ಮೀನಿನ ತಲೆಗಳು ನೈಜೀರಿಯಾದ ಸಾರಿನ ಪಾತ್ರೆ ಸೇರುತ್ತವೆ.

20ನೆಯ ಶತಮಾನದಲ್ಲಿ ಸ್ಕೀರ್ ಮನೆಯಿಂದ ಡೇರಿಗೆ ಹೋಯಿತು, ಮುಂದೆ ಹೊರದೇಶಗಳನ್ನೂ ತಲುಪಿತು. ಈಗ ಅದು ಹಣ್ಣಿನ ರುಚಿಯ ಪುಟ್ಟ ಡಬ್ಬಿಗಳಲ್ಲಿ, ಒಣಮೀನು ತುತ್ತಿನ ಗಾತ್ರದ ಚೂರುಗಳಾಗಿ ಸಿಗುತ್ತದೆ. ಸಿಹಿ ಸ್ಕೀರಿನ ಸಕ್ಕರೆಯನ್ನೂ ಉಪ್ಪು ಹಾಕಿದ ಒಣಮೀನಿನ ಸೋಡಿಯಂ ಪ್ರಮಾಣವನ್ನೂ ನೋಡಿಯೇ ಕೊಳ್ಳಬೇಕು. ಸಪ್ಪೆ ಸ್ಕೀರ್ ಮತ್ತು ಉಪ್ಪಿಲ್ಲದೆ ಗಾಳಿಗೆ ಒಣಗಿದ ಮೀನು ಹಳೆಯ ಬುತ್ತಿಗೆ ಇಂದಿಗೂ ಹತ್ತಿರದವು.