ಇಂಗ್ಲಿಷ್ ಪತ್ರವೂ ‘ದಟ್’ ಎಂಬ ಪದವೂ

(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವಾಚನಾಲಯದಲ್ಲಿ ಇಂಗ್ಲಿಷ್ ವ್ಯಾಕರಣದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಾವೆಲ್ಲ ಹೊಟ್ಟೆಪಾಡಿಗಾಗಿ ಈ ಗವರ್ನರ್‌ಪೇಟೆಗೆ ಬಂದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಆದರೆ ರಜೆಯ ಅರ್ಜಿ, ಸರಕಿನ ತಕರಾರು, ಬ್ಯಾಂಕಿನ ಕಾಗದ, ಇವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ. ಆ ಕಾಗದ ತಪ್ಪಿದರೆ ಹೋಗುವುದು ನಮ್ಮ ಹಣ, ನಮ್ಮ ಮಾನ. ಆದ್ದರಿಂದ ಒಂದೇ ಒಂದು ಸಣ್ಣ ಪದವನ್ನು ಹಿಡಿದು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ಆ ಪದ ‘ದಟ್’.

ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. ನಾನು ಈ ಊರಿಗೆ ಬಂದ ಹೊಸದರಲ್ಲಿ ಒಂದು ಜವಳಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಒಮ್ಮೆ ಲಾರಿಯಲ್ಲಿ ಬಂದ ಸೀರೆಯ ಮೂಟೆಯೊಂದರ ಹೊಲಿಗೆ ಒಂದು ಕಡೆ ಕತ್ತರಿಸಿತ್ತು. ಎಣಿಸಿ ನೋಡಿದರೆ ಆರು ಸೀರೆ ಕಡಮೆ. ದಾರಿಯಲ್ಲಿ ಯಾರೋ ಮೂಟೆ ಬಿಚ್ಚಿದ್ದಾರೆಂದು ಅನುಮಾನ ಎಂದು ಸಾಗಣೆಯವರಿಗೆ ಬರೆಯಬೇಕಿತ್ತು. ನಾನು ನಿಘಂಟು ನೋಡಿ ಅನುಮಾನಕ್ಕೆ ‘ಡೌಟ್’ ಎಂದು ತಿಳಿದು, ‘ವಿ ಆರ್ ಡೌಟ್‌ಫುಲ್ ದಟ್ ದಿ ಬೇಲ್ ವಾಸ್ ಓಪನ್ಡ್ ಆನ್ ದಿ ವೇ’ ಎಂದು ಬರೆದು ಕಳಿಸಿದೆ. ವಾರ ಕಳೆದು ಉತ್ತರ ಬಂತು: ಮೂಟೆ ಬಿಚ್ಚಿದ್ದನ್ನು ತಾವೇ ನಂಬುವುದಿಲ್ಲವೆಂದು ಬರೆದಿರುವುದರಿಂದ ನಾವು ಮಾಡಬೇಕಾದದ್ದು ಏನೂ ಇಲ್ಲ. ಆರು ಸೀರೆಯ ಬೆಲೆಯಲ್ಲಿ ಅರ್ಧ ನನ್ನ ಸಂಬಳದಿಂದ ಹೋಯಿತು.

ತಪ್ಪು ಎಲ್ಲಿತ್ತು? ಕನ್ನಡದಲ್ಲಿ ‘ಬಿಚ್ಚಿದ್ದಾರೆಂದು ಅನುಮಾನ’ ಎಂದರೆ ಬಿಚ್ಚಿರಬೇಕು ಎಂಬ ಶಂಕೆ. ‘ಅವನು ಬರುವುದು ಅನುಮಾನ’ ಎಂದರೆ ಅವನು ಬರಲಿಕ್ಕಿಲ್ಲ. ಪದ ಒಂದೇ, ವಾಕ್ಯದ ಕಟ್ಟು ಬೇರೆಯಾದ್ದರಿಂದ ಅರ್ಥ ತಿರುಗಿತು. ಇಂಗ್ಲಿಷಿನ ‘ಡೌಟ್‌ಫುಲ್ ದಟ್’ ಎರಡನೆಯ ಅರ್ಥವನ್ನು ಮಾತ್ರ ಕೊಡುತ್ತದೆ. ನಾನು ಬರೆಯಬೇಕಾಗಿದ್ದದ್ದು ಹೀಗೆ: ‘ಇಟ್ ಈಸ್ ಕ್ಲಿಯರ್ ಫ್ರಮ್ ದಿ ಕಟ್ ಸ್ಟಿಚಸ್ ದಟ್ ದಿ ಬೇಲ್ ವಾಸ್ ಓಪನ್ಡ್.’ ಕತ್ತರಿಸಿದ ಹೊಲಿಗೆಯಿಂದಲೇ ವಿಷಯ ಸ್ಪಷ್ಟ ಎಂದು ಅದರ ತಾತ್ಪರ್ಯ. ಒಂದು ವಿಶೇಷಣ ಬದಲಾದರೆ ಸಾಕ್ಷಿ ನಮ್ಮ ಕಡೆಗೆ ನಿಲ್ಲುತ್ತಿತ್ತು.

ಇಲ್ಲಿ ನಮ್ಮ ನುಡಿಯ ನಡೆಯನ್ನೂ ಅವರ ನುಡಿಯ ನಡೆಯನ್ನೂ ಎದುರುಬದುರು ಇಟ್ಟು ನೋಡಬೇಕು. ‘ಅವನು ಬರುತ್ತಾನೆಂದು ಹೇಳಿದನು’ ಎನ್ನುತ್ತೇವೆ ನಾವು. ಪಕ್ಕದ ಮನೆಯ ತೆಲುಗರು ‘ವಸ್ತಾಡನಿ ಚೆಪ್ಪಾಡು’ ಎನ್ನುತ್ತಾರೆ. ನಮ್ಮ ‘ಎಂದು’ ಎನ್ನು ಎಂಬ ಧಾತುವಿನಿಂದ ಬಂತು. ಅವರ ‘ಅನಿ’ ಅನು ಎಂಬ ಧಾತುವಿನಿಂದ. ಎರಡರ ಅರ್ಥವೂ ಹೇಳು ಎಂದೇ. ಈ ಭಾಷೆಗಳು ಒಂದೇ ಬಳ್ಳಿಯವೆಂದು 1816ರಲ್ಲಿ ಎಲ್ಲಿಸ್ ಸಾಹೇಬರೂ 1856ರಲ್ಲಿ ಕಾಲ್ಡ್‌ವೆಲ್ ಸಾಹೇಬರೂ ಬರೆದು ತೋರಿಸಿದರು. ಆದ್ದರಿಂದಲೇ ತೆಲುಗು ನಮಗೆ ಬೇಗ ನಾಲಗೆಗೆ ಹತ್ತಿತು. ಇಂಗ್ಲಿಷಿನ ‘ದಟ್’ ಹಾಗಲ್ಲ. ಮೂಲದಲ್ಲಿ ಅದು ‘ಅದು’ ಎಂದು ಬೆರಳು ತೋರಿಸುವ ಪದ. ನಾವು ಮಾತನ್ನು ಮೊದಲು ಆಡಿ, ‘ಎಂದು’ ಸೇರಿಸಿ, ನಮ್ಮ ಅಭಿಪ್ರಾಯವನ್ನು ಕೊನೆಗೆ ಇಡುತ್ತೇವೆ: ‘ಹಣ ಬರುತ್ತದೆಂದು ನನಗೆ ನಂಬಿಕೆ.’ ಇಂಗ್ಲಿಷಿನವನು ಅಭಿಪ್ರಾಯವನ್ನು ಮೊದಲು ಇಟ್ಟು, ‘ದಟ್’ ಎಂದು ತೋರಿಸಿ, ಸಂಗತಿಯನ್ನು ಆಮೇಲೆ ಹೇಳುತ್ತಾನೆ: ‘ಐ ಆ್ಯಮ್ ಶೂರ್ ದಟ್ ದಿ ಮನಿ ವಿಲ್ ಕಮ್.’ ಆದ್ದರಿಂದ ಇಂಗ್ಲಿಷ್ ಬರೆಯುವವನು ಲೇಖನಿ ಕಾಗದಕ್ಕೆ ತಾಗಿಸುವ ಮೊದಲೇ ತಾನು ಎಲ್ಲಿ ನಿಂತಿದ್ದೇನೆಂದು ತೀರ್ಮಾನಿಸಿಕೊಳ್ಳಬೇಕು. ನಾನು ಹೇಳಬೇಕೆಂದು ಬಂದ ಮಾತು ಇದೊಂದೇ. ಉಳಿದದ್ದೆಲ್ಲ ಇದರ ವಿವರ.

ಹೀಗೆ ‘ದಟ್’ ಪದಕ್ಕೆ ದಾರಿ ಮಾಡಿಕೊಡುವ ಅಚ್ಚುಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಮನುಷ್ಯನ ಮನಸ್ಸನ್ನು ಹೇಳುವ ವಿಶೇಷಣ. ‘ಗ್ಲಾಡ್’, ‘ಸಾರಿ’, ‘ಶೂರ್’, ‘ಅವೇರ್’, ‘ಅಫ್ರೇಡ್’ ಇಂಥವು. ಇಲ್ಲಿ ಒಂದು ಎಚ್ಚರಿಕೆ. ‘ಐ ಆ್ಯಮ್ ಅವೇರ್ ಆಫ್ ದಿ ರೂಲ್’ ಎನ್ನಬಹುದು. ಆದರೆ ‘ದಟ್’ ಬಂದ ಕೂಡಲೇ ಆ ‘ಆಫ್’ ಬಿದ್ದುಹೋಗಬೇಕು: ‘ಐ ಆ್ಯಮ್ ಅವೇರ್ ದಟ್ ದಿ ರೂಲ್ ಹ್ಯಾಸ್ ಚೇಂಜ್ಡ್.’ ಹಾಗೆಯೇ ‘ಸಾರಿ ಫಾರ್ ದಟ್ ಐ ಕೇಮ್ ಲೇಟ್’ ಎಂಬುದು ತಪ್ಪು. ಇನ್ನು ‘ಐ ಆ್ಯಮ್ ಅಫ್ರೇಡ್ ದಟ್ ದಿ ಪೋಸ್ಟ್ ಹ್ಯಾಸ್ ಬೀನ್ ಫಿಲ್ಡ್’ ಎಂದು ಯಾರಾದರೂ ಬರೆದರೆ ಅವರು ಹೆದರಿದ್ದಾರೆಂದು ತಿಳಿಯಬೇಡಿ. ಹುದ್ದೆ ಭರ್ತಿಯಾಗಿದೆ, ಹೇಳಲು ವಿಷಾದ ಎಂದಷ್ಟೇ ಅದರ ಅರ್ಥ.

ಎರಡನೆಯದು, ‘ಇಟ್ ಈಸ್’ ಎಂದು ತೊಡಗುವ ಅಚ್ಚು. ‘ಇಟ್ ಈಸ್ ಟ್ರೂ ದಟ್’, ‘ಇಟ್ ಈಸ್ ಲೈಕ್ಲಿ ದಟ್’, ‘ಇಟ್ ಈಸ್ ನೆಸೆಸರಿ ದಟ್’. ಈ ‘ಇಟ್’ ಪದಕ್ಕೆ ಸ್ವಂತ ಅರ್ಥವಿಲ್ಲ. ಬಸ್ಸಿನಲ್ಲಿ ಟವಲು ಹಾಸಿ ಸೀಟು ಹಿಡಿದಂತೆ, ಹಿಂದೆ ಬರುವ ಸಂಗತಿಗಾಗಿ ಜಾಗ ಹಿಡಿದುಕೊಂಡಿರುತ್ತದೆ, ಅಷ್ಟೆ. ‘ನಾನು’ ಎನ್ನದೆ ಮಾತು ಹೇಳುವುದರಿಂದ ತಕರಾರಿನ ಪತ್ರಕ್ಕೆ ಇದು ಬಹಳ ಒಳ್ಳೆಯದು.

ಮೂರನೆಯದು, ‘ಸೋ’ ಮತ್ತು ‘ಸಚ್’. ವಿಶೇಷಣಕ್ಕೂ ಕ್ರಿಯಾವಿಶೇಷಣಕ್ಕೂ ‘ಸೋ’. ನಾಮಪದ ಸೇರಿದರೆ ‘ಸಚ್’. ‘ದಿ ಟ್ರೈನ್ ಕೇಮ್ ಸೋ ಲೇಟ್ ದಟ್ ಐ ಮಿಸ್ಡ್ ದಿ ಬಸ್.’ ‘ಇಟ್ ವಾಸ್ ಸಚ್ ಎ ಹೆವಿ ಬೇಲ್ ದಟ್ ಟೂ ಮೆನ್ ಕುಡ್ ನಾಟ್ ಲಿಫ್ಟ್ ಇಟ್.’ ‘ಎಷ್ಟು ಭಾರವೆಂದರೆ’ ಎಂದು ನಾವು ಹೇಳುವ ಮಾತೇ ಇದು. ಇಲ್ಲಿ ‘ವೆರಿ’ ಎಂದಾಗಲಿ ‘ಟೂ’ ಎಂದಾಗಲಿ ಹಾಕಿ ‘ದಟ್’ ಸೇರಿಸುವಂತಿಲ್ಲ. ರಜೆಯ ಅರ್ಜಿಯಲ್ಲಿ ‘ಮೈ ಮದರ್ ಈಸ್ ವೆರಿ ಇಲ್’ ಎಂದು ಎಲ್ಲರೂ ಬರೆಯುತ್ತಾರೆ. ಮೇಲಧಿಕಾರಿ ಅದನ್ನು ನೂರು ಸಲ ಓದಿರುತ್ತಾನೆ. ‘ಸೋ ಇಲ್ ದಟ್ ಶಿ ಕೆನಾಟ್ ಬಿ ಲೆಫ್ಟ್ ಅಲೋನ್’ ಎಂದರೆ ಕಾಯಿಲೆಗೆ ಒಂದು ಅಳತೆ ಸಿಕ್ಕಿತು. ಮಗ ಊರಿಗೆ ಏಕೆ ಹೋಗಬೇಕೆಂಬುದು ಆ ಒಂದೇ ವಾಕ್ಯದಲ್ಲಿ ತಿಳಿಯಿತು.

ನಾಲ್ಕನೆಯದು, ‘ನೌ’ ಎಂಬ ಕ್ರಿಯಾವಿಶೇಷಣ. ಒಂಟಿಯಾಗಿದ್ದರೆ ‘ಈಗ’ ಎಂದು ಅರ್ಥ. ‘ನೌ ದಟ್’ ಎಂದಾದರೆ ಕಾಲದ ಜೊತೆಗೆ ಕಾರಣವೂ ಸೇರುತ್ತದೆ. ‘ನೌ ದಟ್ ದಿ ಆಡಿಟ್ ಈಸ್ ಓವರ್’ ಎಂದರೆ ‘ಲೆಕ್ಕತಪಾಸಣೆ ಈಗ ಮುಗಿದಿರುವುದರಿಂದ’. ಎಲ್ಲ ಕ್ರಿಯಾವಿಶೇಷಣಗಳಿಗೂ ಈ ಹಕ್ಕಿಲ್ಲ. ‘ಫಾರ್ಚುನೇಟ್ಲಿ ದಟ್’ ಎನ್ನುವಂತಿಲ್ಲ. ‘ಫಾರ್ಚುನೇಟ್ಲಿ’ ಎಂದು ನೇರವಾಗಿ ಸಂಗತಿ ಹೇಳಬೇಕು, ಇಲ್ಲವೇ ವಿಶೇಷಣಕ್ಕೆ ತಿರುಗಿ ‘ಇಟ್ ಈಸ್ ಫಾರ್ಚುನೇಟ್ ದಟ್’ ಎನ್ನಬೇಕು.

ಕೊನೆಗೆ ನಮ್ಮವರೆಲ್ಲ ಎಡವುವ ಒಂದು ಕಲ್ಲನ್ನು ತೋರಿಸುತ್ತೇನೆ. ‘ಅವನು ಯಾವಾಗ ಬರುತ್ತಾನೆಂದು ಗೊತ್ತಿಲ್ಲ’ ಎಂಬಲ್ಲಿ ‘ಯಾವಾಗ’ ಎಂಬುದೂ ಇದೆ, ‘ಎಂದು’ ಎಂಬುದೂ ಇದೆ. ಅದನ್ನೇ ಹಿಡಿದು ‘ಐ ಆ್ಯಮ್ ನಾಟ್ ಶೂರ್ ದಟ್ ವೆನ್ ಹಿ ವಿಲ್ ಕಮ್’ ಎಂದು ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಪ್ರಶ್ನೆಯ ಪದವಿದ್ದರೆ ಅದೇ ಸಾಕು, ‘ದಟ್’ ಬೇಡ: ‘ಐ ಆ್ಯಮ್ ನಾಟ್ ಶೂರ್ ವೆನ್ ಹಿ ವಿಲ್ ಕಮ್.’

ಇವನ್ನು ಸೂತ್ರಗಳಂತೆ ಉರುಹೊಡೆಯಬೇಕಾಗಿಲ್ಲ. ಜಪಾನಿನಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿದ ಹಾರ್ನ್‌ಬಿ ಎಂಬ ಅಧ್ಯಾಪಕರು, ಪರಭಾಷೆಯವರಿಗೆ ಪದದ ಅರ್ಥದಷ್ಟೇ ಅದು ಕೂರುವ ವಾಕ್ಯದ ಅಚ್ಚೂ ಮುಖ್ಯವೆಂದು ಕಂಡುಕೊಂಡು, 1954ರಲ್ಲಿ ಆ ಅಚ್ಚುಗಳನ್ನೇ ವಿಂಗಡಿಸಿ ಒಂದು ಪುಸ್ತಕ ತಂದರು. ನಿಘಂಟಿನಲ್ಲಿ ಅರ್ಥ ನೋಡಿ ಮುಚ್ಚಿಬಿಡದೆ, ಕೆಳಗೆ ಕೊಟ್ಟ ಉದಾಹರಣೆಯ ವಾಕ್ಯವನ್ನು ಓದಿ ಒಮ್ಮೆ ಕೈಯಲ್ಲಿ ಬರೆದರೆ ಸಾಕು. ಆ ದಿನ ನಾನು ಅಷ್ಟು ಮಾಡಿದ್ದರೆ ಮೂರು ಸೀರೆಯ ಹಣ ನನ್ನ ಕೈಯಲ್ಲೇ ಉಳಿಯುತ್ತಿತ್ತು.

ಆಂಧ್ರದೇಶದ ಗ್ರಂಥಾಲಯ ಸಂಘ 1914ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಆಗ ಇದು ಬೆಜವಾಡ. ಅಯ್ಯಂಕಿ ವೆಂಕಟರಮಣಯ್ಯನವರಂಥವರು ಓದನ್ನು ಜನಸಾಮಾನ್ಯರ ಬಳಿಗೆ ಒಯ್ಯಲು ದುಡಿದ ನೆಲ ಇದು. ಇಂಥ ಊರಿನಲ್ಲಿ ನಮ್ಮ ವಾಚನಾಲಯ ಪತ್ರಿಕೆ ತಿರುವಿಹಾಕುವ ಜಾಗವಾಗಿ ಮಾತ್ರ ಇರಬಾರದು. ಹೋಟೆಲಿನ ಹುಡುಗನಾಗಲಿ, ಅಂಗಡಿಯ ಗುಮಾಸ್ತನಾಗಲಿ, ಕಳಿಸಬೇಕಾದ ಕಾಗದವನ್ನು ಭಾನುವಾರ ಸಂಜೆ ಇಲ್ಲಿಗೆ ತನ್ನಿ. ಬರೆದವರ ನಿಲುವು ಏನು, ಬರೆದ ಮಾತು ಅದನ್ನೇ ಹೇಳುತ್ತದೆಯೇ ಎಂದು ಇಬ್ಬರು ಕೂತು ನೋಡೋಣ. ನಾಚಿಕೆ ಬೇಡ. ನಾಚಿಕೆಪಟ್ಟು ಯಾರಿಗೂ ತೋರಿಸದೆ ಕಳಿಸಿದ ಕಾಗದದ ಬೆಲೆ ಎಷ್ಟೆಂದು ನನಗೆ ಚೆನ್ನಾಗಿ ಗೊತ್ತು.